ಮುಂಗಡ ಕಟ್ಟುವ ಮುನ್ನ ಕೇಳಬೇಕಾದ ಲೆಕ್ಕ

ಸಂಪಾದಕರಿಗೆ,

ಮಾನ್ಯರೇ,

ವಿದೇಶದ ಎಂಬಿಎ ಬಗ್ಗೆ ನಮ್ಮ ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಎರಡೇ ಬಗೆ. ಪ್ರವೇಶ ಪರೀಕ್ಷೆಗೆ ಹೇಗೆ ಓದಬೇಕು ಎಂಬುದು ಒಂದು. ಯಾವ ಶಾಲೆ ಎಷ್ಟನೇ ರ‍್ಯಾಂಕಿನಲ್ಲಿದೆ ಎಂಬುದು ಇನ್ನೊಂದು. ಸೀಟು ಸಿಕ್ಕಿದೆ ಎಂಬ ಪತ್ರ ಕೈಗೆ ಬಂದ ದಿನದಿಂದ ಸೀಟು ಕಾಯ್ದಿರಿಸಲು ಮುಂಗಡ ಕಟ್ಟುವ ಕಡೆಯ ದಿನದವರೆಗೆ ಸಿಗುವ ಕೆಲವು ವಾರಗಳ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ. ಇಡೀ ವ್ಯವಹಾರದಲ್ಲಿ ವಿದ್ಯಾರ್ಥಿಯ ಮಾತಿಗೆ ತೂಕ ಇರುವುದು ಆ ಕೆಲವು ವಾರಗಳಲ್ಲಿ ಮಾತ್ರ. ಅದಕ್ಕೇ ಈ ಪತ್ರ. ಉದ್ದವಾಗಿದೆ, ಗೊತ್ತು. ಕತ್ತರಿಸಲೇಬೇಕಾದರೆ ಹೊಗಳಿಕೆ ಇರುವ ಕಡೆ ಕತ್ತರಿಸಿ, ಲೆಕ್ಕ ಇರುವ ಕಡೆ ಬೇಡ.

ನನ್ನ ಹೆಂಡತಿ ಔಷಧ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದವಳು. ಅಮೆರಿಕದ ಒಂದು ಬಿಸಿನೆಸ್ ಸ್ಕೂಲಿನಲ್ಲಿ ಅವಳಿಗೆ ಎರಡು ವರ್ಷದ ಎಂಬಿಎಗೆ ಸೀಟು ಸಿಕ್ಕಿತು. ಹೊಸದಾಗಿ ಆಯ್ಕೆಯಾದವರಿಗೆಂದು ಆ ಶಾಲೆ ನಡೆಸುವ ಸ್ವಾಗತ ವಾರಾಂತ್ಯಕ್ಕೆ ಸಂಗಾತಿಗಳಿಗೂ ಆಹ್ವಾನವಿತ್ತು. ಹಿಂದೆ ಬೇರೆ ಕೆಲಸಕ್ಕಾಗಿ ಮಾಡಿಸಿಟ್ಟ ಸಂದರ್ಶಕ ವೀಸಾ ಇಬ್ಬರ ಬಳಿಯೂ ಇದ್ದುದರಿಂದ ಹೋಗುವುದು ಸಾಧ್ಯವಾಯಿತು. ಶಾಲೆಯ ಹೆಸರು ಬರೆಯುವುದಿಲ್ಲ. ಬರೆದರೆ ಇದು ಆ ಒಂದು ಶಾಲೆಯ ಮೇಲಿನ ದೂರಾಗಿಬಿಡುತ್ತದೆ. ನಾನು ವೃತ್ತಿಯಲ್ಲಿ ಲೆಕ್ಕಪರಿಶೋಧಕ. ಬಣ್ಣದ ಕರಪತ್ರ ಕೊಟ್ಟರೆ ಮೊದಲು ಕೆಳಗಿನ ಸಣ್ಣಕ್ಷರದ ಅಡಿಟಿಪ್ಪಣಿ ಓದುವ ಜಾತಿ. ಮುಂದಿನ ಮಾತುಗಳನ್ನು ಅದನ್ನು ನೆನಪಿಟ್ಟುಕೊಂಡೇ ಓದಿ.

ಇಂಥ ವಾರಾಂತ್ಯಗಳು ಅಮೆರಿಕದ ಬಹುತೇಕ ದೊಡ್ಡ ಶಾಲೆಗಳಲ್ಲಿವೆ. ಕೆಲಾಗ್‌ನಲ್ಲಿ ಅದನ್ನು ‘ಡೇ ಅಟ್ ಕೆಲಾಗ್’ ಎನ್ನುತ್ತಾರೆ, ಬರ್ಕ್ಲಿಯ ಹಾಸ್ ಶಾಲೆಯಲ್ಲಿ ‘ಡೇಸ್ ಅಟ್ ಹಾಸ್’, ಸ್ಟ್ಯಾನ್‌ಫರ್ಡ್‌ನಲ್ಲಿ ‘ಅಡ್ಮಿಟ್ ವೀಕೆಂಡ್’. ಅರ್ಜಿಗಳು ಸುತ್ತು ಸುತ್ತಾಗಿ ಹೋಗುತ್ತವೆ. ಶರತ್ಕಾಲದಲ್ಲಿ ಹಾಕಿದ ಮೊದಲ ಸುತ್ತಿನ ಫಲಿತಾಂಶ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಬರುತ್ತದೆ. ಜನವರಿಯಲ್ಲಿ ಹಾಕಿದ ಎರಡನೇ ಸುತ್ತಿನದು ಮಾರ್ಚ್ ಕೊನೆಯ ಆಸುಪಾಸಿನಲ್ಲಿ. ಅದಾದ ಸ್ವಲ್ಪ ದಿನಕ್ಕೆ ಈ ಸಮಾರಂಭ, ಅದರ ಬೆನ್ನಿಗೇ ಮುಂಗಡ ಕಟ್ಟುವ ಗಡುವು. ಸಾವಿರಾರು ಡಾಲರಿನ ಆ ಮುಂಗಡ ಕಟ್ಟಿದ ಮೇಲೆ ಮನಸ್ಸು ಬದಲಾಯಿಸಿದರೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಸಮಾರಂಭದ ದಿನಾಂಕ ಗಡುವಿಗೆ ಅಷ್ಟು ಹತ್ತಿರ ಇರುವುದು ಕಾಕತಾಳೀಯವಲ್ಲ.

ಒಂದು ವಿಷಯ ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಒಳ್ಳೆಯ ಅಭ್ಯರ್ಥಿ ಒಂದೇ ಶಾಲೆಗೆ ಅರ್ಜಿ ಹಾಕಿರುವುದಿಲ್ಲ. ಕೈಯಲ್ಲಿ ಎರಡು ಮೂರು ಸೀಟು ಇಟ್ಟುಕೊಂಡೇ ಬಂದಿರುತ್ತಾನೆ. ಸೀಟು ಕೊಟ್ಟವರಲ್ಲಿ ಎಷ್ಟು ಮಂದಿ ನಿಜಕ್ಕೂ ಬಂದು ಸೇರುತ್ತಾರೆ ಎಂಬ ಪ್ರಮಾಣವನ್ನು ಆ ಲೋಕದಲ್ಲಿ ‘ಯೀಲ್ಡ್’ ಎನ್ನುತ್ತಾರೆ. ಪ್ರವೇಶ ವಿಭಾಗದವರ ನಿದ್ದೆ ಕೆಡಿಸುವ ಅಂಕಿ ಅದು. ಅರ್ಜಿ ಹಾಕುವಾಗ ನಾವು ನಮ್ಮನ್ನು ಮಾರಿಕೊಳ್ಳುತ್ತಿದ್ದೆವು. ಸ್ವಾಗತ ವಾರಾಂತ್ಯದಲ್ಲಿ ಮಾರಾಟಗಾರ ಅವರು, ಗಿರಾಕಿ ನಾವು. ಆದರೆ ಅಲ್ಲಿ ಬಂದಿದ್ದ ಬಹುಪಾಲು ಮಂದಿ, ನನ್ನ ಹೆಂಡತಿಯೂ ಸೇರಿ, ಇನ್ನೂ ಸಂದರ್ಶನಕ್ಕೆ ಬಂದವರ ಹಾಗೇ ನಡೆದುಕೊಂಡರು. ಕೇಳಿದ್ದಕ್ಕೆಲ್ಲ ನಗು, ಹೇಳಿದ್ದಕ್ಕೆಲ್ಲ ತಲೆಯಾಡಿಸುವಿಕೆ. ‘ಈಗ ಕಠಿಣ ಪ್ರಶ್ನೆ ಕೇಳಿದರೆ ಏನಂದುಕೊಂಡಾರು’ ಎಂದು ಒಬ್ಬ ಹುಡುಗ ನನ್ನ ಬಳಿಯೇ ಪಿಸುಗುಟ್ಟಿದ. ಕೊಟ್ಟ ಸೀಟನ್ನು ಪ್ರಶ್ನೆ ಕೇಳಿದ್ದಕ್ಕೆ ಯಾರೂ ಕಿತ್ತುಕೊಳ್ಳುವುದಿಲ್ಲ ಎಂದು ಅವನಿಗೆ ಹೇಳಿದೆ. ನಂಬಿದಂತೆ ಕಾಣಲಿಲ್ಲ.

ಹೊಗಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಡೀನ್ ಭಾಷಣ ಎಲ್ಲ ಡೀನ್‌ಗಳ ಭಾಷಣದಂತಿತ್ತು. ಆಮೇಲಿನ ಮಾದರಿ ತರಗತಿ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಕುದುರೆ ಲಾಳದಾಕಾರದ ಕೋಣೆ, ಮೆಟ್ಟಿಲು ಮೆಟ್ಟಿಲಾಗಿ ಏರುವ ಆಸನಗಳು, ಪ್ರತಿಯೊಬ್ಬರ ಮುಂದೆ ದೊಡ್ಡಕ್ಷರದ ಹೆಸರಿನ ಫಲಕ. ಫಲಕ ಏಕೆಂದರೆ ಕೈ ಎತ್ತದವರನ್ನೂ ಪ್ರೊಫೆಸರ್ ಹೆಸರು ಹಿಡಿದು ಎಬ್ಬಿಸಬಹುದು. ಉಪನ್ಯಾಸ ಕೊಡುವ ಬದಲು ನಿಜವಾದ ವ್ಯವಹಾರ ಪ್ರಸಂಗ ಕೊಟ್ಟು ವಾದ ಮಾಡಿಸುವ ಈ ಕ್ರಮ ಹಾರ್ವರ್ಡ್‌ನಲ್ಲಿ ಬೇರೂರಿದ್ದು. 1908ರಲ್ಲಿ ಆ ಶಾಲೆ ಶುರುವಾಯಿತು. ಕಾನೂನು ಓದಿ ಬಂದಿದ್ದ ವಾಲೆಸ್ ಡಾನಮ್ ಅಲ್ಲಿ ಡೀನ್ ಆದ ಮೇಲೆ, ಕಾನೂನು ಶಾಲೆಗಳಲ್ಲಿ ತೀರ್ಪುಗಳನ್ನು ಇಟ್ಟುಕೊಂಡು ಪಾಠ ಮಾಡುವಂತೆ ಇಲ್ಲಿಯೂ ಪ್ರಸಂಗಗಳನ್ನೇ ಪಾಠವಾಗಿಸಲು ಒತ್ತಾಯ ಮಾಡಿದರು. ಈಗ ಹೆಚ್ಚುಕಡಿಮೆ ಎಲ್ಲ ಶಾಲೆಗಳೂ ಒಂದಿಷ್ಟು ಅದನ್ನು ಬಳಸುತ್ತವೆ.

ಅಂದಿನ ಪಾಠ ಪತ್ರಿಕೆ ಮಾರುವವನ ಸಮಸ್ಯೆ. ನಿಮ್ಮ ಪತ್ರಿಕೆಗೂ ಸಂಬಂಧವಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಒಬ್ಬ ಮಾರಾಟಗಾರ ಮೂರು ನಾಣ್ಯಕ್ಕೆ ಪ್ರತಿ ತಂದು ಐದಕ್ಕೆ ಮಾರುತ್ತಾನೆ. ಸಂಜೆಗೆ ಉಳಿದದ್ದು ರದ್ದಿ, ಹಣ ವಾಪಸ್ ಇಲ್ಲ. ನಾಳೆ ಎಷ್ಟು ಜನ ಕೇಳುತ್ತಾರೆ ಎಂಬುದು ಖಚಿತವಾಗಿ ಗೊತ್ತಿಲ್ಲ. ಅವನು ಎಷ್ಟು ಪ್ರತಿ ತರಿಸಬೇಕು? ಕೋಣೆಯಲ್ಲಿದ್ದ ಬಹುಪಾಲು ಮಂದಿ ‘ಸರಾಸರಿ ಎಷ್ಟು ಮಾರುತ್ತಾನೋ ಅಷ್ಟು’ ಎಂದರು. ತಪ್ಪು. ಒಂದು ಪ್ರತಿ ಕಡಿಮೆ ಬಿದ್ದರೆ ಎರಡು ನಾಣ್ಯದ ಲಾಭ ಹೋಗುತ್ತದೆ, ಒಂದು ಹೆಚ್ಚು ಉಳಿದರೆ ಮೂರು ನಾಣ್ಯ ಹೋಗುತ್ತದೆ. ಎರಡನ್ನು ಐದರಿಂದ ಭಾಗಿಸಿದರೆ ಶೇ 40. ಅಂದರೆ ತಂದ ಪ್ರತಿಗಳೇ ಬೇಡಿಕೆಗೆ ಸಾಲುವ ಸಂಭವ ಶೇ 40 ಇರುವಷ್ಟು ಮಾತ್ರ ತರಿಸಬೇಕು. ಉಳಿದ ದಿನಗಳಲ್ಲಿ ಕೆಲವರು ಬರಿಗೈಲಿ ಹೋಗಲಿ, ಅದೇ ಲಾಭ. ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ ಮತ್ತು ಇಬ್ಬರು ಸಹ ಲೇಖಕರು ದಾಸ್ತಾನಿನ ಕುರಿತು 1951ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಬಗೆಯ ಲೆಕ್ಕಕ್ಕೆ ಗಟ್ಟಿ ತಳಪಾಯ ಸಿಕ್ಕಿತು. ತರಗತಿಯ ತಪ್ಪು ಕೂಡ ಹೊಸದಲ್ಲ. ಶ್ವೈಟ್ಜರ್ ಮತ್ತು ಕ್ಯಾಷನ್ ಎಂಬ ಸಂಶೋಧಕರು 2000ರಲ್ಲಿ ಪ್ರಯೋಗ ಮಾಡಿ, ಜನ ಲಾಭದ ಲೆಕ್ಕ ಬಿಟ್ಟು ಸರಾಸರಿಯ ಕಡೆಗೇ ವಾಲುತ್ತಾರೆಂದು ತೋರಿಸಿದ್ದಾರೆ.

ಪ್ರೊಫೆಸರ್ ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಒಂದು ಒಳ್ಳೆಯ ಗಣಿತದ ಪಾಠ ಅಷ್ಟೆ. ‘ಈಗ ಪ್ರತಿಗಳ ಜಾಗದಲ್ಲಿ ಪ್ರವೇಶ ಪತ್ರಗಳನ್ನು ಇಟ್ಟು ನೋಡಿ’ ಎಂದರು. ನಗು ಎದ್ದಿತು. ನಾನು ನಗಲಿಲ್ಲ, ಬರೆದುಕೊಂಡೆ. ಕಡಿಮೆ ಪತ್ರ ಕಳಿಸಿದರೆ ಸೀಟು ಖಾಲಿ ಬೀಳುತ್ತದೆ. ಖಾಲಿ ಸೀಟಿನ ನಷ್ಟ ಎರಡು ವರ್ಷದ ಶುಲ್ಕ. ಹೆಚ್ಚು ಕಳಿಸಿದರೆ ಲಾಳದಾಕಾರದ ಕೋಣೆಯಲ್ಲಿ ಕೂರಲು ಜಾಗ ಸಾಲುವುದಿಲ್ಲ. ನಡುವಿನ ಹೊಂದಾಣಿಕೆಗೆ ಇರುವುದೇ ಕಾಯುವವರ ಪಟ್ಟಿ. ಬೇಸಿಗೆಯ ಉದ್ದಕ್ಕೂ ಆ ಪಟ್ಟಿಯವರನ್ನು ನೇತಾಡಿಸುವುದು ಅವರ ಅರ್ಹತೆ ಅಳೆಯುವುದಕ್ಕಲ್ಲ, ಶಾಲೆಯ ದಾಸ್ತಾನು ಸರಿದೂಗಿಸುವುದಕ್ಕೆ. ಮತ್ತೆ ಈ ವಾರಾಂತ್ಯ? ಅದು ಬೇಡಿಕೆಯನ್ನೇ ಹೆಚ್ಚಿಸುವ ಉಪಾಯ. ತಮ್ಮ ಒಳಗುಟ್ಟನ್ನು ತಾವೇ ಪಾಠ ಮಾಡಿ ಹೇಳಿದ ಆ ಪ್ರೊಫೆಸರಿಗೆ ನನ್ನ ನಮಸ್ಕಾರ. ಆ ಒಂದು ಗಂಟೆಗೆ ಪ್ರಯಾಣ ಮಾಡಿದ್ದು ಸಾರ್ಥಕ ಎಂದು ಹೆಂಡತಿಗೆ ಹೇಳಿದೆ. ಅವಳು ಸರಾಸರಿ ಎಂದವರ ಗುಂಪಿನಲ್ಲಿದ್ದಳು, ಹಾಗಾಗಿ ಏನೂ ಹೇಳಲಿಲ್ಲ.

ಇನ್ನು ಉದ್ಯೋಗ ವಿಭಾಗದವರ ಸಭೆ. ತೆರೆಯ ಮೇಲೆ ದೊಡ್ಡದಾಗಿ ಒಂದು ಶೇಕಡಾವಾರು: ಪದವಿ ಪಡೆದ ಮೂರು ತಿಂಗಳೊಳಗೆ ಉದ್ಯೋಗದ ಆಫರ್ ಸಿಕ್ಕವರು ಇಷ್ಟು. ಸಭೆಯಲ್ಲಿ ಸಮಾಧಾನದ ನಿಟ್ಟುಸಿರು. ಆ ಶೇಕಡಾವಾರು ಯಾವುದರ ಶೇಕಡಾವಾರು ಎಂದು ಯಾರೂ ಕೇಳಲಿಲ್ಲ. ಉತ್ತರ ಅಡಿಟಿಪ್ಪಣಿಯಲ್ಲಿತ್ತು: ‘ಉದ್ಯೋಗ ಅರಸುತ್ತಿರುವವರಲ್ಲಿ’. ಒಂದು ಕಲ್ಪಿತ ಲೆಕ್ಕ ಹಾಕೋಣ. ನೂರು ಜನ ಪದವಿ ಪಡೆದರು. ಹನ್ನೆರಡು ಮಂದಿ ತಮ್ಮನ್ನು ಓದಿಸಿದ ಹಳೆಯ ಕಂಪನಿಗೇ ಮರಳಿದರು. ಏಳು ಮಂದಿ ಸ್ವಂತ ಉದ್ಯಮ ಎಂದರು. ಇಬ್ಬರು ಮುಂದೆ ಓದಲು ಹೋದರು, ಒಬ್ಬ ಉದ್ಯೋಗ ಹುಡುಕುವುದನ್ನು ಮುಂದೂಡಿದ. ಮೂವರಿಂದ ಮಾಹಿತಿಯೇ ಬರಲಿಲ್ಲ. ಇಪ್ಪತ್ತೈದು ಮಂದಿ ಹೀಗೆ ಛೇದದಿಂದ ಹೊರಗೆ ಹೋದರು. ಉಳಿದ ಎಪ್ಪತ್ತೈದರಲ್ಲಿ ಅರವತ್ತು ಮಂದಿಗೆ ಆಫರ್ ಸಿಕ್ಕರೆ ತೆರೆಯ ಮೇಲೆ ಬರುವುದು ಶೇ 80. ಇದರಲ್ಲಿ ಮೋಸ ಇಲ್ಲ. ಹೊರಗಿಟ್ಟವರಲ್ಲಿ ಹೆಚ್ಚಿನವರನ್ನು ಹೊರಗಿಡುವುದೇ ಸರಿ. ಆದರೆ ‘ಸ್ವಂತ ಉದ್ಯಮ’ದ ಸಾಲಿನಲ್ಲಿ ಯಾರು ಇಷ್ಟಪಟ್ಟು ನಿಂತರು, ಯಾರು ಕೆಲಸ ಸಿಗದೆ ನಿಂತರು ಎಂಬುದು ಹೊರಗಿನವನಿಗೆ ಕಾಣುವುದಿಲ್ಲ. ಆಫರ್ ಸಿಕ್ಕವರ ಸಂಖ್ಯೆಯೂ ಒಪ್ಪಿಕೊಂಡವರ ಸಂಖ್ಯೆಯೂ ಬೇರೆ ಬೇರೆ. ತೆರೆಯ ಮೇಲೆ ಹಾಕುವುದು ಎರಡರಲ್ಲಿ ದೊಡ್ಡದನ್ನು.

ಸಂಬಳದ ವಿಷಯವೂ ಹಾಗೇ. ಮಧ್ಯಾಂಕ (ಏರಿಕೆಯ ಕ್ರಮದಲ್ಲಿ ಬರೆದಾಗ ನಟ್ಟನಡುವೆ ಬರುವ ಅಂಕಿ) ಸಂಬಳ ಎಂದು ತೋರಿಸುವುದು, ಸಂಬಳ ಇಷ್ಟು ಎಂದು ತಿಳಿಸಿದವರ ಮಧ್ಯಾಂಕ. ಪಕ್ಕದಲ್ಲೇ ಸೇರುವಾಗಿನ ಬೋನಸ್ ಎಂದು ತೋರಿಸುವುದು, ಬೋನಸ್ ಸಿಕ್ಕವರ ಮಧ್ಯಾಂಕ ಮಾತ್ರ. ನನ್ನ ಮುಂದಿನ ಸಾಲಿನಲ್ಲಿದ್ದ ದಂಪತಿ ಎರಡನ್ನೂ ಕೂಡಿಸಿ ಫೋನಿನಲ್ಲಿ ಸಾಲದ ಕಂತಿನ ಲೆಕ್ಕ ಹಾಕುತ್ತಿದ್ದರು. ಎರಡು ಬೇರೆ ಗುಂಪಿನ ಮಧ್ಯಾಂಕಗಳನ್ನು ಕೂಡಿಸುವಂತಿಲ್ಲ ಎಂದು ಹೇಳಲು ಬಾಯಿ ತುದಿಗೆ ಬಂತು. ಅಪರಿಚಿತರ ಫೋನಿನಲ್ಲಿ ಇಣುಕಿ ನೋಡಿದವನು ಉಪದೇಶ ಮಾಡುವುದು ಹೇಗೆ?

ಕೊನೆಗೆ ಕೈ ಎತ್ತಿ ಒಂದೇ ಪ್ರಶ್ನೆ ಕೇಳಿದೆ. ಕರಿಯರ್ ಸರ್ವಿಸಸ್ ಆ್ಯಂಡ್ ಎಂಪ್ಲಾಯರ್ ಅಲೈಯನ್ಸ್ ಎಂಬ, ಶಾಲೆಗಳ ಉದ್ಯೋಗ ವಿಭಾಗಗಳ ಸಂಘವಿದೆ. ಉದ್ಯೋಗ ವರದಿ ಹೇಗಿರಬೇಕು ಎಂದು ಶಾಲೆಗಳು ತಮಗೆ ತಾವೇ ಒಪ್ಪಿಕೊಂಡ ನಿಯಮಗಳನ್ನು ಅದು ಇಟ್ಟುಕೊಂಡಿದೆ. ಆ ಮಾದರಿಯ ವರದಿಯಲ್ಲಿ ಅಮೆರಿಕದಲ್ಲಿ ಕಾಯಂ ಕೆಲಸದ ಹಕ್ಕು ಇರುವವರ ಮತ್ತು ಇಲ್ಲದವರ ಅಂಕಿಗಳು ಬೇರೆ ಬೇರೆ ಸಾಲಿನಲ್ಲಿರುತ್ತವೆ. ‘ಎರಡನೇ ಸಾಲನ್ನು ತೋರಿಸುತ್ತೀರಾ?’ ಎಂದೆ. ವೇದಿಕೆಯ ಮೇಲಿದ್ದವರು ಸೌಜನ್ಯದಿಂದಲೇ, ಪೂರ್ತಿ ವರದಿ ಜಾಲತಾಣದಲ್ಲಿದೆ ಎಂದರು. ಇತ್ತು, ನಿಜ. ಹೋಟೆಲಿಗೆ ಹೋಗಿ ತೆಗೆದು ನೋಡಿದೆವು. ತೆರೆಯ ಮೇಲಿನ ಅಂಕಿಗಿಂತ ಗಣನೀಯವಾಗಿ ಕೆಳಗಿತ್ತು. ನಮ್ಮಂಥ ದೇಶದಿಂದ ಹೋಗುವವರಿಗೆ ಆ ವರದಿಯಲ್ಲಿ ಅನ್ವಯಿಸುವುದು ಆ ಒಂದು ಸಾಲು ಮಾತ್ರ. ಅದು ಸಭೆಯಲ್ಲಿ ಬರಲಿಲ್ಲ. ಸಭೆಯಲ್ಲಿ ಕೂತವರಲ್ಲಿ ಗಣನೀಯ ಪಾಲು ಹೊರದೇಶದವರೇ ಆಗಿದ್ದರು.

ವೀಸಾ ವಿಷಯದ ಸಭೆ ಕಾರ್ಯಕ್ರಮ ಪಟ್ಟಿಯಲ್ಲಿ ಕೊನೆಯದು, ಕ್ಲಬ್ಬುಗಳ ಮೇಳ ನಡೆಯುವ ಹೊತ್ತಿಗೇ, ಚಿಕ್ಕ ಕೋಣೆಯಲ್ಲಿ. ಅಲ್ಲಿ ಬಂದಿದ್ದ ಅಧಿಕಾರಿ ಮಾತ್ರ ಮುಚ್ಚುಮರೆ ಇಲ್ಲದೆ ಮಾತಾಡಿದರು. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಓದಿ ಮುಗಿಸಿದವರಿಗೆ ಕೆಲಸದ ಅನುಭವ ಪಡೆಯಲು ಹನ್ನೆರಡು ತಿಂಗಳು ಸಿಗುತ್ತದೆ. ಪದವಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಎಂದು ವರ್ಗೀಕರಣಗೊಂಡಿದ್ದರೆ ಇನ್ನೂ ಇಪ್ಪತ್ತನಾಲ್ಕು ತಿಂಗಳಿಗೆ ಅರ್ಜಿ ಹಾಕಬಹುದು. ಇತ್ತೀಚಿನ ವರ್ಷಗಳಲ್ಲಿ ಅನೇಕ ಎಂಬಿಎಗಳು ಹೀಗೆ ವರ್ಗೀಕರಣ ಪಡೆದಿವೆ, ಆದರೆ ಕೆಲವು ಕಡೆ ಅದು ಇಡೀ ಪದವಿಗೆ, ಕೆಲವು ಕಡೆ ಒಂದೆರಡು ವಿಭಾಗ ಆರಿಸಿಕೊಂಡವರಿಗೆ ಮಾತ್ರ. ಇದನ್ನು ಸೇರುವ ಮೊದಲೇ ಕೇಳಬೇಕು, ಎರಡನೇ ವರ್ಷದಲ್ಲಲ್ಲ. ಮೊದಲ ಹನ್ನೆರಡು ತಿಂಗಳಲ್ಲಿ ಒಟ್ಟು ತೊಂಬತ್ತು ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಆಮೇಲೆ ಎಚ್-1ಬಿ, ಅಂದರೆ ಅಲ್ಲಿ ನೌಕರಿ ಮಾಡುವವರ ವೀಸಾ. ವರ್ಷಕ್ಕೆ 65,000, ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಮೇಲೆ 20,000. ಅರ್ಜಿಗಳು ಅದಕ್ಕಿಂತ ಎಷ್ಟೋ ಹೆಚ್ಚು ಬರುವುದರಿಂದ ಮೊದಲು ಆಯ್ಕೆಯಲ್ಲಿ ಹೆಸರು ಬರಬೇಕು. ಶಾಲೆ ಎಷ್ಟೇ ದೊಡ್ಡದಿರಲಿ, ಆ ಆಯ್ಕೆಯಲ್ಲಿ ಅದರ ಕೈವಾಡವಿಲ್ಲ. ಮೇಳದಲ್ಲಿ ಟೀ ಶರ್ಟು ಹಂಚುತ್ತಿದ್ದರು. ಈ ಕೋಣೆಯಲ್ಲಿ ಅರ್ಧ ಕುರ್ಚಿ ಖಾಲಿ.

ಸಂಗಾತಿಗಳ ಸಭೆಯ ಬಗ್ಗೆ ಹೇಳದಿದ್ದರೆ ನಾನು ಹೋದದ್ದೇ ದಂಡ. ಸಂಗಾತಿಗಳಿಗೆಂದೇ ಒಂದು ಕ್ಲಬ್ ಇದೆ, ಅದರ ಪದಾಧಿಕಾರಿಗಳು ಆತ್ಮೀಯರಾಗಿದ್ದರು, ಪ್ರವಾಸ, ಓದುಕೂಟ, ಮಕ್ಕಳ ಆಟದ ಗುಂಪು ಎಲ್ಲ ವಿವರಿಸಿದರು. ನಾನು ಎಫ್-2 ವೀಸಾದ ಬಗ್ಗೆ ಕೇಳಿದೆ. ಎಫ್-1 ವಿದ್ಯಾರ್ಥಿಯ ಗಂಡನೋ ಹೆಂಡತಿಯೋ ಎಫ್-2ರಲ್ಲಿ ಹೋದರೆ ಕೆಲಸ ಮಾಡುವಂತಿಲ್ಲ. ಓದಬಹುದು, ಅದೂ ಪೂರ್ಣಾವಧಿಗಿಂತ ಕಡಿಮೆ. ಎರಡು ವರ್ಷ, ಆಮೇಲೆ ಹೆಂಡತಿಯ ಕೆಲಸದ ಅನುಮತಿಯ ಅವಧಿಯಲ್ಲೂ ಹಾಗೇ. ಅವಳಿಗೆ ಎಚ್-1ಬಿ ಆಗಿ ನಾನು ಎಚ್-4 (ಎಚ್-1ಬಿಯವರ ಸಂಗಾತಿಯ ವೀಸಾ) ಆದರೂ ತಕ್ಷಣ ಅನುಮತಿ ಇಲ್ಲ. 2015ರಿಂದ ಎಚ್-4ನವರಲ್ಲಿ ಕೆಲವರಿಗೆ ಕೆಲಸಕ್ಕೆ ಅವಕಾಶವಿದೆ, ಅದೂ ಗ್ರೀನ್ ಕಾರ್ಡಿನ ಹಾದಿಯಲ್ಲಿ ಮುಖ್ಯ ಹಂತವೊಂದನ್ನು ದಾಟಿದ ಮೇಲೆ. ಕ್ಲಬ್ಬಿನ ಪದಾಧಿಕಾರಿಗಳಿಬ್ಬರೂ ಅಮೆರಿಕನ್ನರು. ‘ಹೌದಾ, ನಮಗೆ ಗೊತ್ತೇ ಇರಲಿಲ್ಲ’ ಎಂದರು, ಪ್ರಾಮಾಣಿಕವಾಗಿ.

ಶಾಲೆ ಕೊಡುವ ಖರ್ಚಿನ ಪಟ್ಟಿಯಲ್ಲಿ ಶುಲ್ಕ, ವಸತಿ, ವಿಮೆ, ಪುಸ್ತಕ ಎಲ್ಲ ಇದೆ. ನಮ್ಮ ಮನೆಯ ಲೆಕ್ಕದಲ್ಲಿ ಅತಿ ದೊಡ್ಡ ಖರ್ಚು ಆ ಪಟ್ಟಿಯಲ್ಲೇ ಇಲ್ಲ: ನಿಂತುಹೋಗುವ ಎರಡು ಸಂಬಳ. ಪಟ್ಟಿಯಲ್ಲಿರುವುದು ಸಾಮಾನ್ಯವಾಗಿ ಒಂಬತ್ತು ತಿಂಗಳ ಖರ್ಚು. ನಡುವಿನ ಬೇಸಿಗೆ ಅದರಲ್ಲಿ ಸೇರುವುದಿಲ್ಲ. ವಿದ್ಯಾರ್ಥಿ ವೀಸಾಗೆ ಬೇಕಾಗುವ, ಶಾಲೆ ಕೊಡುವ ಐ-20 ಪತ್ರಕ್ಕೆ ಒಂದು ವರ್ಷದ ಹಣ ತೋರಿಸಿದರೆ ಸಾಕು ಎಂಬುದನ್ನೇ ಅನೇಕರು ಅನುಕೂಲ ಎಂದುಕೊಳ್ಳುತ್ತಾರೆ. ಎರಡನೇ ವರ್ಷದ ಹಣ ಎಲ್ಲಿಂದ ಎಂದು ಆ ಪತ್ರ ಕೇಳುವುದಿಲ್ಲ, ಎರಡನೇ ವರ್ಷ ಬಂದಾಗ ಶಾಲೆ ಕೇಳುತ್ತದೆ. ಸಂಗಾತಿ ಜೊತೆಗೆ ಬಂದರೆ ತೋರಿಸಬೇಕಾದ ಮೊತ್ತವೂ ಏರುತ್ತದೆ, ವಿಮೆಯೂ ಬೇರೆ.

ಸ್ಕಾಲರ್‌ಶಿಪ್ ಬಗ್ಗೆ ಚುಟುಕಾಗಿ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಬಿಸಿನೆಸ್ ಸ್ಕೂಲುಗಳು ಅಭ್ಯರ್ಥಿಯ ಆರ್ಥಿಕ ಅಗತ್ಯ ನೋಡಿ ನೆರವು ಕೊಡುತ್ತವೆ. ಬೇರೆ ಅನೇಕ ಶಾಲೆಗಳು ಪ್ರತಿಭೆಗೆ ಎಂದು ಕೊಡುತ್ತವೆ. ಎರಡನೇ ಬಗೆಯದು, ಒಳಗಿನಿಂದ ನೋಡಿದರೆ, ಬೆಲೆಯಲ್ಲಿ ರಿಯಾಯಿತಿ. ಹಾಗಾದ ಮೇಲೆ ಇನ್ನೊಂದು ಶಾಲೆ ಹೆಚ್ಚು ಕೊಟ್ಟಿದ್ದರೆ ಆ ಪತ್ರ ತೋರಿಸಿ ಮತ್ತೊಮ್ಮೆ ಪರಿಶೀಲಿಸಿ ಎಂದು ಕೇಳುವುದರಲ್ಲಿ ನಾಚಿಕೆ ಏನು? ಮುಂಗಡ ಕಟ್ಟಿದ ಮರುದಿನ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಎರಡೂ ವರ್ಷಕ್ಕೆ ಅನ್ವಯವೋ, ಅಂಕ ಇಳಿದರೆ ನಿಲ್ಲುತ್ತದೋ ಎಂಬುದನ್ನೂ ಬರಹದಲ್ಲಿ ಪಡೆಯಬೇಕು. ಸಾಲವಾದರೆ, ಅಮೆರಿಕದ ಸರ್ಕಾರಿ ವಿದ್ಯಾರ್ಥಿ ಸಾಲ ನಮಗೆ ಸಿಗುವುದಿಲ್ಲ. ಖಾಸಗಿಯವರು ಕೆಲವರು ಅಮೆರಿಕದ ಜಾಮೀನುದಾರ ಬೇಕೆನ್ನುತ್ತಾರೆ, ಕೆಲವರು ಬೇಡವೆನ್ನುತ್ತಾರೆ. ಬೇಡ ಎನ್ನುವವರ ಬಡ್ಡಿ ದರವನ್ನು ಎರಡು ಸಲ ಓದಿ. ಓದುವ ಎರಡು ವರ್ಷವೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಇನ್ನೊಂದು ಮಾತು, ಪರಿಶೋಧಕನಾಗಿ. ವಾರಾಂತ್ಯವಿಡೀ ನಮ್ಮನ್ನು ಕರೆದೊಯ್ದ ಸೀನಿಯರ್‌ಗಳೆಲ್ಲ ಸ್ವಯಂಸೇವಕರು. ಉತ್ಸಾಹಿಗಳು, ಚುರುಕು, ಎಲ್ಲರಿಗೂ ಕೆಲಸ ಸಿಕ್ಕಿತ್ತು. ಕೆಲಸ ಸಿಗದೆ ತಲೆ ಮೇಲೆ ಕೈಹೊತ್ತು ಕೂತವನು ಶನಿವಾರ ಬಣ್ಣದ ಅಂಗಿ ಹಾಕಿಕೊಂಡು ಹೊಸಬರಿಗೆ ಗ್ರಂಥಾಲಯ ತೋರಿಸಲು ಬರುವುದಿಲ್ಲ. ಪರಿಶೋಧನೆಗೆ ಒಳಗಾಗುವವರೇ ಮಾದರಿ ಆರಿಸಿ ಕೊಟ್ಟರೆ ಅದನ್ನು ನಾವು ಪರಿಶೋಧನೆ ಎನ್ನುವುದಿಲ್ಲ. ಹಾಗಾಗಿ ಮಧ್ಯಾಹ್ನದ ಆಟೋಟಗಳನ್ನು ಬಿಟ್ಟು ಗ್ರಂಥಾಲಯದ ಕೆಳಮಹಡಿಗೆ ಹೋದೆ. ಅಲ್ಲಿ ಎರಡನೇ ವರ್ಷದ ಒಬ್ಬಾಕೆ ಸಿಕ್ಕಳು, ನಮ್ಮ ಖಂಡದವಳೇ. ಪದವಿಗೆ ಕೆಲವೇ ವಾರ ಉಳಿದಿದ್ದವು, ಕೆಲಸ ಇನ್ನೂ ಸಿಕ್ಕಿರಲಿಲ್ಲ. ಶಾಲೆಯ ಮೇಲೆ ಕೋಪವಿರಲಿಲ್ಲ ಆಕೆಗೆ. ಪಾಠ, ಗೆಳೆಯರು, ಎರಡನ್ನೂ ಹೊಗಳಿದಳು. ಆದರೆ ಒಂದು ಮಾತು ಹೇಳಿದಳು: ಸಲಹಾ ಕಂಪನಿಗಳು, ಬ್ಯಾಂಕುಗಳು ಇಂಟರ್ನ್‌ಶಿಪ್‌ಗೆ ಹುಡುಕಾಟ ಶುರುಮಾಡುವುದು ಮೊದಲ ವರ್ಷದ ಮೊದಲ ತಿಂಗಳುಗಳಲ್ಲೇ, ಸಂದರ್ಶನಗಳು ಜನವರಿಯ ಹೊತ್ತಿಗೆ. ‘ಏನಾಗಬೇಕು ಎಂದು ಯೋಚಿಸಲು ಇಲ್ಲಿಗೆ ಬರುತ್ತೇವೆ ಅಂದುಕೊಂಡಿದ್ದೆ. ಯೋಚಿಸಿ ಮುಗಿಸಿ ಬರಬೇಕಿತ್ತು.’ ವೇದಿಕೆಯ ಮೇಲೆ ಇಡೀ ದಿನ ಕೇಳಿದ್ದರಲ್ಲಿ ಇಷ್ಟು ಉಪಯುಕ್ತವಾದ ಮಾತು ಇರಲಿಲ್ಲ. ಹೆಂಡತಿಯನ್ನು ಕರೆತಂದು ಇಬ್ಬರನ್ನೂ ಮಾತಿಗೆ ಕೂರಿಸಿ ನಾನು ಹೊರಗೆ ಹೋದೆ.

ಹೊರದೇಶದಲ್ಲಿರುವ ಬಹುಪಾಲು ಮಂದಿಗೆ ಈ ವಾರಾಂತ್ಯಕ್ಕೆ ಹೋಗಲು ಆಗುವುದೇ ಇಲ್ಲ. ವಿದ್ಯಾರ್ಥಿ ವೀಸಾದಲ್ಲಿ ತರಗತಿ ಶುರುವಾಗುವ ಮೂವತ್ತು ದಿನಕ್ಕಿಂತ ಮೊದಲು ಆ ದೇಶ ಪ್ರವೇಶಿಸುವಂತಿಲ್ಲ; ಸಂದರ್ಶಕ ವೀಸಾಗೆ ಸರದಿ ಸಿಗುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಅವರಿಗೆಂದು ಆನ್‌ಲೈನ್ ಕಾರ್ಯಕ್ರಮ ಇಡುತ್ತಾರೆ. ನಾವು ಹೋದ ಶಾಲೆ ಡೀನ್ ಭಾಷಣವನ್ನೂ ಮಾದರಿ ತರಗತಿಯನ್ನೂ ನೇರ ಪ್ರಸಾರ ಮಾಡಿತು. ವೀಸಾ ಸಭೆ, ಸಾಲದ ಸಭೆ, ಎರಡೂ ಪ್ರಸಾರವಾಗಲಿಲ್ಲ. ಅವು ಯಾರಿಗೆ ಅತಿ ಹೆಚ್ಚು ಬೇಕೋ ಅವರೇ ಆ ಕೋಣೆಯಲ್ಲಿ ಇರಲು ಸಾಧ್ಯವಿಲ್ಲದವರು. ಇದನ್ನು ಸಮಾರೋಪದ ಅಭಿಪ್ರಾಯ ಪತ್ರದಲ್ಲಿ ಬರೆದುಕೊಟ್ಟಿದ್ದೇನೆ. ಧನ್ಯವಾದದ ಉತ್ತರ ಬಂದಿದೆ.

ಅವಳು ಆ ಶಾಲೆಗೇ ಸೇರಿದಳು. ಯಾಕೆಂದು ಕೇಳುವವರಿಗೆ: ಹಿಂದಿರುಗಿದ ಮೇಲೆ ನಾವು ಕಳಿಸಿದ ಪ್ರಶ್ನೆಗಳಿಗೆ ಆ ವೀಸಾ ಅಧಿಕಾರಿಯೂ ಸಾಲ ವಿಭಾಗದವರೂ ಗಡುವಿಗೆ ಮುಂಚೆಯೇ ಬರಹದಲ್ಲಿ ಉತ್ತರ ಕೊಟ್ಟರು, ಸ್ಕಾಲರ್‌ಶಿಪ್ ಮರುಪರಿಶೀಲನೆಯಲ್ಲಿ ಸ್ವಲ್ಪ ಏರಿತು, ಇಡೀ ಪದವಿಗೆ ಸ್ಟೆಮ್ ವರ್ಗೀಕರಣ ಇದೆ ಎಂಬುದು ಖಚಿತವಾಯಿತು. ಇನ್ನೊಂದು ಶಾಲೆ, ರ‍್ಯಾಂಕಿನಲ್ಲಿ ಮೇಲಿದ್ದದ್ದು, ಅದೇ ಪ್ರಶ್ನೆಗಳಿಗೆ ಜಾಲತಾಣದ ಕೊಂಡಿ ಕಳಿಸಿತು. ನಾನು ಜೊತೆಗೆ ಹೋಗುತ್ತಿಲ್ಲ. ಎಫ್-2 ಲೆಕ್ಕ ನಮಗೆ ಕೂಡಿಬರಲಿಲ್ಲ. ಕಂತು ಕಟ್ಟಲು ಒಂದು ಸಂಬಳವಾದರೂ ಓಡುತ್ತಿರಬೇಕು.

ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಮುಂದಿನ ಸಲ ವಿದೇಶಿ ಬಿಸಿನೆಸ್ ಸ್ಕೂಲುಗಳ ರ‍್ಯಾಂಕ್ ಪಟ್ಟಿ ಹಾಕುವಾಗ, ಸರಾಸರಿ ಸಂಬಳದ ಸಾಲಿನ ಪಕ್ಕದಲ್ಲಿ ಇನ್ನೆರಡು ಸಾಲು ಸೇರಿಸಿ: ಪದವಿ ಪಡೆದ ಒಟ್ಟು ಮಂದಿಯಲ್ಲಿ ಎಷ್ಟು ಜನರನ್ನು ಉದ್ಯೋಗದ ಲೆಕ್ಕಕ್ಕೆ ಹಿಡಿದಿದ್ದಾರೆ, ಕಾಯಂ ಕೆಲಸದ ಹಕ್ಕಿಲ್ಲದವರಿಗೆ ಸಿಕ್ಕ ಉದ್ಯೋಗ ಎಷ್ಟು. ಈ ಅಂಕಿಗಳು ಗುಟ್ಟಲ್ಲ, ಹಲವು ಶಾಲೆಗಳ ವರದಿಯಲ್ಲೇ ಸಿಗುತ್ತವೆ, ಒಳಪುಟಗಳಲ್ಲಿ. ಯುರೋಪಿನ ಒಂದು ವರ್ಷದ ಕೋರ್ಸುಗಳಿಗೆ ಹೋದವರು ಅಲ್ಲಿನ ಅನುಭವ ಬರೆದರೆ ಇನ್ನೂ ಒಳ್ಳೆಯದು. ಫ್ರಾನ್ಸಿನ ಇನ್ಸಿಯಾಡ್‌ನಂತೆ ಹತ್ತು ತಿಂಗಳಲ್ಲಿ ಮುಗಿಯುವ ಕಡೆ ಉದ್ಯೋಗದ ಹುಡುಕಾಟ ಯಾವಾಗ ಶುರು, ಸಂಗಾತಿಗೆ ಕೆಲಸದ ಅನುಮತಿ ಇದೆಯೇ, ಮುಂಗಡದ ಗಡುವು ಹೇಗೆ. ಸುಳ್ಳು ಹೇಳುವುದಿಲ್ಲ, ಇದರಲ್ಲಿ ನನ್ನ ಸ್ವಾರ್ಥವೂ ಇದೆ: ನನ್ನ ತಂಗಿ ಈ ವರ್ಷ ಅಲ್ಲಿಗೆ ಅರ್ಜಿ ಹಾಕುವವಳಿದ್ದಾಳೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಓದುಗ, ಲೆಕ್ಕಪರಿಶೋಧಕ